ಹಳೆಯ ಕಂಪ್ಯೂಟರಿಗೆ ಉಚಿತ ಆಫೀಸ್ ಸಾಫ್ಟ್‌ವೇರ್: ಮೊದಲು ಫೈಲು, ಆಮೇಲೆ ಯಂತ್ರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಶಾಲೆಯ ಮೇಷ್ಟ್ರು, ಮೇಡಂಗಳಿದ್ದೀರಿ. ಡಿಟಿಪಿ ಅಂಗಡಿ ಇಟ್ಟವರಿದ್ದೀರಿ, ಸಹಕಾರ ಸಂಘದ ಲೆಕ್ಕ ಬರೆಯುವವರಿದ್ದೀರಿ, ಮನೆಯಲ್ಲಿ ಮಕ್ಕಳಿಗೆಂದು ಹಳೆಯ ಸಿಸ್ಟಂ ಉಳಿಸಿಕೊಂಡವರೂ ಇದ್ದೀರಿ. ಎಲ್ಲರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಹತ್ತು ಹನ್ನೆರಡು ವರ್ಷದ ಕಂಪ್ಯೂಟರ್ ಇದೆ. ಪತ್ರ ಬರೆಯಬೇಕು, ಲೆಕ್ಕದ ಹಾಳೆ ಮಾಡಬೇಕು. ದುಡ್ಡೂ ಕೊಡದೆ, ಕಳ್ಳ ಪ್ರತಿಯನ್ನೂ ಹಾಕದೆ ಏನು ಮಾಡಬಹುದು?’

ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ಸಾಫ್ಟ್‌ವೇರ್ ಹಾಕಿಕೊಳ್ಳಿ ಎಂದು ಹೇಳಿ ಕೂತುಬಿಡಬಹುದು. ಆದರೆ ಅಷ್ಟನ್ನೇ ಕೇಳಿಕೊಂಡು ಹೋದವರು ವಾರ ಕಳೆಯುವುದರೊಳಗೆ ಹಳೆಯ ವರ್ಡ್‌ಗೇ ಮರಳುತ್ತಾರೆ. ಹತ್ತು ವರ್ಷದಿಂದ ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳಲ್ಲಿ ಕುಟ್ಟಿಟ್ಟ ಫೈಲು ತೆರೆದರೆ ಕನ್ನಡದ ಬದಲು ಗುರುತು ಸಿಗದ ಚಿಹ್ನೆಗಳ ಸಾಲು ಕಾಣುತ್ತದೆ. ಇಲ್ಲವೇ ಮೂರು ಪುಟದ ಅರ್ಜಿ ನಾಲ್ಕನೆಯ ಪುಟಕ್ಕೆ ಹರಿಯುತ್ತದೆ. ‘ಇದು ನಮಗಾಗಲ್ಲ’ ಎಂಬ ತೀರ್ಮಾನ ಅಲ್ಲಿಗೆ ಬಿದ್ದುಹೋಗುತ್ತದೆ. ಯಂತ್ರ ಇನ್ನು ನಾಲ್ಕೈದು ವರ್ಷಕ್ಕೆ ಗುಜರಿ ಸೇರುವಂಥದ್ದು. ಸಭೆಯ ನಡಾವಳಿ, ಪ್ರಶ್ನೆಪತ್ರಿಕೆ, ಸದಸ್ಯರ ಪಟ್ಟಿ ಮಾತ್ರ ಉಳಿಯಬೇಕಾದವು. ಆದ್ದರಿಂದ ಆಯ್ಕೆಯನ್ನು ಫೈಲಿನ ಕಡೆಯಿಂದ ಶುರು ಮಾಡಿ ಎಂಬುದೇ ಇವತ್ತಿನ ಮಾತಿನ ತಿರುಳು. ಯಂತ್ರದ ಲೆಕ್ಕವನ್ನು ಮೊದಲು ಮುಗಿಸಿ ಅಲ್ಲಿಗೆ ಬರೋಣ.

ಯಂತ್ರ ಯಾವ ಕಾಲದ್ದು

‘ಹಳೆಯದು’ ಎಂಬ ಒಂದೇ ಮಾತಿನಲ್ಲಿ ಮೂರು ಬಗೆಯ ಯಂತ್ರ ಸೇರಿಕೊಂಡಿವೆ. ಒಂದು, 32 ಬಿಟ್ ಪ್ರೊಸೆಸರಿನದು (ಬಿಟ್ ಎಂದರೆ ಪ್ರೊಸೆಸರ್ ಒಮ್ಮೆಗೆ ನಿಭಾಯಿಸುವ ಮಾಹಿತಿಯ ಅಳತೆ; ಈಚಿನವು 64 ಬಿಟ್ಟಿನವು): ಪೆಂಟಿಯಂ 3, ಮೊದಲ ಪೆಂಟಿಯಂ 4, 2008ರ ಹೊತ್ತಿಗೆ ಬಂದ ಪುಟ್ಟ ನೆಟ್‌ಬುಕ್‌ಗಳ ಆಟಂ ಎನ್270. ಎರಡು, ಕೋರ್ 2 ಡುಯೋದಿಂದ ನಾಲ್ಕನೆಯ ತಲೆಮಾರಿನ ಐ3, ಐ5ವರೆಗಿನವು. ಇವುಗಳಲ್ಲಿ ಸಾಮಾನ್ಯವಾಗಿ 2 ಅಥವಾ 4 ಜಿಬಿ ರ‍್ಯಾಮ್ ಇರುತ್ತದೆ. ಮೂರನೆಯದು ಈಚೆಗೆ ‘ಹಳೆಯದಾಗಿಸಲಾದ’ ಗುಂಪು. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಎಂಟನೆಯ ತಲೆಮಾರಿಗಿಂತ ಹಿಂದಿನ ಇಂಟೆಲ್ ಪ್ರೊಸೆಸರುಗಳನ್ನು ಬಹುಮಟ್ಟಿಗೆ ಒಪ್ಪುವುದಿಲ್ಲ. 8 ಜಿಬಿ ರ‍್ಯಾಮ್ ಇರುವ, ಗಟ್ಟಿಮುಟ್ಟಾದ ಆರನೇ, ಏಳನೇ ತಲೆಮಾರಿನ ಯಂತ್ರಗಳೂ ಹೀಗೆ ಈ ಸಾಲಿಗೆ ಬಂದಿವೆ. ಈ ಮೂರನೇ ಗುಂಪಿನವರು ಯಾವ ಆಫೀಸ್ ಸಾಫ್ಟ್‌ವೇರನ್ನೂ ಹೆದರದೆ ಹಾಕಿಕೊಳ್ಳಬಹುದು. ಎಚ್ಚರ ಬೇಕಿರುವುದು ಮೊದಲ ಎರಡು ಗುಂಪಿಗೆ.

ಇಲ್ಲೊಂದು ತಪ್ಪು ಕಲ್ಪನೆ ಬಹಳ ಕಡೆ ಕಾಣುತ್ತದೆ. ಪರದೆಯ ಮೇಲೆ 32 ಬಿಟ್ ವಿಂಡೋಸ್ 7 ಎಂದಿದ್ದರೆ ಯಂತ್ರವೇ 32 ಬಿಟ್ಟಿನದು ಎಂದುಕೊಂಡುಬಿಡುತ್ತಾರೆ. ಕೋರ್ 2 ಡುಯೋ 64 ಬಿಟ್ ಪ್ರೊಸೆಸರ್. ಆ ಕಾಲದಲ್ಲಿ ಅಂಗಡಿಯವರು ಅಭ್ಯಾಸಬಲದಿಂದ 32 ಬಿಟ್ ವಿಂಡೋಸ್ ಹಾಕಿ ಕೊಟ್ಟಿರುತ್ತಾರೆ, ಅಷ್ಟೆ. ವಿಂಡೋಸ್ 7ರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಪರ್ಫಾರ್ಮೆನ್ಸ್ ಇನ್ಫರ್ಮೇಶನ್ ಅಂಡ್ ಟೂಲ್ಸ್’ ತೆರೆದು, ‘ವ್ಯೂ ಅಂಡ್ ಪ್ರಿಂಟ್ ಡೀಟೇಲ್ಡ್’ ಎಂದು ಶುರುವಾಗುವ ಕೊಂಡಿ ಒತ್ತಿ. ‘64 ಬಿಟ್ ಕೇಪಬಲ್’ ಎಂಬ ಸಾಲಿನಲ್ಲಿ ‘ಯೆಸ್’ ಇದ್ದರೆ ನಿಮ್ಮ ದಾರಿ ಅಗಲವಾಯಿತು. 32 ಬಿಟ್ ವಿಂಡೋಸ್‌ಗೆ 4 ಜಿಬಿ ರ‍್ಯಾಮ್ ಹಾಕಿದರೂ ಅದು ಸುಮಾರು 3 ಜಿಬಿಯನ್ನಷ್ಟೇ ಬಳಸುತ್ತದೆ ಎಂಬುದನ್ನೂ ನೆನಪಿಡಿ.

ಎರಡನೇ ಗುಂಪಿನ ಯಂತ್ರಕ್ಕೆ ಸ್ವಲ್ಪ ಖರ್ಚು ಮಾಡುವ ಮನಸ್ಸಿದ್ದರೆ ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್), ಆಮೇಲೆ ರ‍್ಯಾಮ್. ತಿರುಗುವ ಹಾರ್ಡ್‌ಡಿಸ್ಕ್ ಒಂದು ತುಣುಕು ಮಾಹಿತಿ ಹುಡುಕಲು ಹತ್ತು ಮಿಲಿಸೆಕೆಂಡಿನಷ್ಟು ತೆಗೆದುಕೊಂಡರೆ ಎಸ್‌ಎಸ್‌ಡಿ ಅದರ ನೂರರಲ್ಲೊಂದು ಪಾಲು ಹೊತ್ತಿನಲ್ಲಿ ತಂದುಕೊಡುತ್ತದೆ. ಆಫೀಸ್ ಸಾಫ್ಟ್‌ವೇರ್ ಏಳುವಾಗ ನೂರಾರು ಚಿಕ್ಕ ಚಿಕ್ಕ ಫೈಲು ಓದುವುದರಿಂದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎರಡೂವರೆ ಇಂಚಿನ ಸಾಟಾ ಮಾದರಿಯ 240 ಜಿಬಿ ಸಾಕು. ಒಳಗೆ ಅಗಲವಾದ ಪಟ್ಟಿಯಂಥ ಕೇಬಲ್ ಇದ್ದರೆ ಅದು ಐಡಿಇ ಕಾಲದ ಯಂತ್ರ. ಅದಕ್ಕೆ ಈ ಖರ್ಚು ಬೇಡ. ಲ್ಯಾಪ್‌ಟಾಪಿಗೆ ರ‍್ಯಾಮ್ ಕೊಳ್ಳುವಾಗ ಹಳೆಯ ಪಟ್ಟಿ ಬಿಚ್ಚಿಕೊಂಡೇ ಅಂಗಡಿಗೆ ಹೋಗಿ. ಡಿಡಿಆರ್3 ಎಂದರೆ 1.5 ವೋಲ್ಟ್, ಡಿಡಿಆರ್3ಎಲ್ ಎಂದರೆ 1.35 ವೋಲ್ಟ್. ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪುಗಳು ಎರಡನೆಯದನ್ನೇ ಕೇಳುತ್ತವೆ. ತಪ್ಪು ಪಟ್ಟಿ ಹಾಕಿದರೆ ಪರದೆ ಹೊತ್ತಿಕೊಳ್ಳುವುದೇ ಇಲ್ಲ.

ಐದು ನಿಮಿಷದ ಇನ್ನೊಂದು ಕೆಲಸವಿದೆ. ಮದರ್‌ಬೋರ್ಡ್ ಮೇಲಿನ ಸಿಆರ್2032 ಗುಂಡು ಸೆಲ್ ಬದಲಿಸಿ. ಅದು ಸತ್ತಿದ್ದರೆ ಪ್ರತಿ ಸಲ ಹಾಕಿದಾಗಲೂ ಗಡಿಯಾರ ಹಳೆಯ ಇಸವಿಗೆ ಹೋಗುತ್ತದೆ. ತಾರೀಕು ತಪ್ಪಿದಾಗ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರ ಬ್ರೌಸರಿಗೆ ಹೊಂದುವುದಿಲ್ಲ, ಸೈಟು ತೆರೆಯುವುದಿಲ್ಲ. ‘ನೆಟ್ ಬರ್ತಿಲ್ಲ, ಸಾಫ್ಟ್‌ವೇರ್ ಇಳಿಸೋಕಾಗ್ತಿಲ್ಲ’ ಎಂಬ ಎಷ್ಟೋ ದೂರುಗಳ ಮೂಲ ಈ ಸಣ್ಣ ಸೆಲ್ಲು.

ಯಾವ ವಿಂಡೋಸ್‌ಗೆ ಯಾವ ಆವೃತ್ತಿ

ಲಿಬ್ರೆಆಫೀಸಿನ ಬೇರು ಸ್ಟಾರ್‌ಆಫೀಸ್. 1999ರಲ್ಲಿ ಸನ್ ಕಂಪನಿ ಅದನ್ನು ಕೊಂಡು, ಮರುವರ್ಷ ಅದರ ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಅದೇ ಓಪನ್‌ಆಫೀಸ್ ಆಯಿತು. ಸನ್ ಕಂಪನಿ ಒರಾಕಲ್ ಕೈಸೇರಿದ ಮೇಲೆ, 2010ರ ಸೆಪ್ಟೆಂಬರಿನಲ್ಲಿ ಅಲ್ಲಿ ದುಡಿಯುತ್ತಿದ್ದ ಬಹುಪಾಲು ಜನ ಬೇರೆಯಾಗಿ ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ ಲಿಬ್ರೆಆಫೀಸ್ ಶುರು ಮಾಡಿದರು. ಈ ಇತಿಹಾಸ ಹೇಳುವುದಕ್ಕೆ ಕಾರಣವಿದೆ. ಓಪನ್‌ಆಫೀಸ್ ಎಂಬ ಹೆಸರು ಇನ್ನೂ ಜನರ ಬಾಯಲ್ಲಿದೆ, ಅಪಾಚಿ ಸಂಸ್ಥೆಯ ಆಸರೆಯಲ್ಲಿ ಈಗಲೂ ಸಿಗುತ್ತದೆ. ಆದರೆ 2014ರಲ್ಲಿ ಬಂದ 4.1ರಲ್ಲೇ ಅದು ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ನಿಂತಿದೆ. ಡಾಕ್‌ಎಕ್ಸ್ ಫೈಲನ್ನು (ಈಗಿನ ವರ್ಡ್ ಉಳಿಸುವ ಬಗೆ) ತೆರೆಯುತ್ತದೆ, ಡಾಕ್‌ಎಕ್ಸ್ ಆಗಿ ಉಳಿಸಲಾರದು. ಮೇಲಿನ ಕಚೇರಿಯಿಂದ ಬಂದ ನಮೂನೆ ತುಂಬಿ ಅದೇ ರೂಪದಲ್ಲಿ ಹಿಂದಿರುಗಿಸಬೇಕಾದವರಿಗೆ ಇದೊಂದೇ ಕೊರತೆ ಸಾಕು, ಅದನ್ನು ಬಿಡಲು.

ಇನ್ನು ಲಿಬ್ರೆಆಫೀಸಿನ ಲೆಕ್ಕ. ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ತಾಗೆ 5.4ನೇ ಆವೃತ್ತಿಯೇ ಕೊನೆ. ವಿಂಡೋಸ್ 7, 8, 8.1ಕ್ಕೆ 25.2 ಕೊನೆ; 25.8ರಿಂದಾಚೆಗಿನವಕ್ಕೆ ವಿಂಡೋಸ್ 10 ಅಥವಾ 11 ಬೇಕು. ಮುಖಪುಟದ ದೊಡ್ಡ ಹಸಿರು ಗುಂಡಿ ಒತ್ತಿದರೆ ಹೊಸ ಆವೃತ್ತಿ ಇಳಿಯುತ್ತದೆ, ವಿಂಡೋಸ್ 7ರಲ್ಲಿ ಅದು ಕೂರುವುದಿಲ್ಲ. ಹಳೆಯವನ್ನೆಲ್ಲ ಡಾಕ್ಯುಮೆಂಟ್ ಫೌಂಡೇಶನ್ ತನ್ನ ಡೌನ್‌ಲೋಡ್ ಆರ್ಕೈವ್‌ನಲ್ಲಿ ಜೋಪಾನವಾಗಿಟ್ಟಿದೆ, ಅಲ್ಲಿಂದಲೇ ತೆಗೆದುಕೊಳ್ಳಿ. ಸಿಕ್ಕಸಿಕ್ಕ ಡೌನ್‌ಲೋಡ್ ಸೈಟುಗಳಿಂದ ಬೇಡ.

ವಿಂಡೋಸ್ 7ರಲ್ಲಿ ಹಾಕುವಾಗ ಎರಡು ಕಡೆ ಸಿಕ್ಕಿಕೊಳ್ಳುತ್ತದೆ. ಸರ್ವಿಸ್ ಪ್ಯಾಕ್ 1 ಇಲ್ಲದಿದ್ದರೆ ಕೂರುವುದಿಲ್ಲ. ಅದಿದ್ದೂ, ಹೆಸರಿನ ನಡುವೆ ‘ಸಿಆರ್‌ಟಿ ರನ್‌ಟೈಮ್’ ಎಂದಿರುವ ಒಂದು ಡಿಎಲ್‌ಎಲ್ ಫೈಲ್ ಇಲ್ಲ ಎಂಬ ದೋಷಸೂಚನೆ ಬಂದರೆ ಮೈಕ್ರೋಸಾಫ್ಟ್‌ನ ಕೆಬಿ2999226 ಅಪ್‌ಡೇಟ್ ಹಾಕಿ, ಯಂತ್ರ ಆರಿಸಿ ಹೊತ್ತಿಸಿ, ಮತ್ತೆ ಪ್ರಯತ್ನಿಸಿ. ಆ ಡಿಎಲ್‌ಎಲ್ ಒಂದನ್ನೇ ಯಾವುದೋ ಸೈಟಿನಿಂದ ತಂದು ಫೋಲ್ಡರಿಗೆ ಹಾಕುವವರಿದ್ದಾರೆ. ವೈರಸ್ ಬರುವ ನೇರ ದಾರಿ ಅದು.

ಹಾಕುವಾಗ ‘ಟಿಪಿಕಲ್’ ಬಿಟ್ಟು ‘ಕಸ್ಟಮ್’ ಆರಿಸಿ. ಪತ್ರಕ್ಕೆ ರೈಟರ್, ಲೆಕ್ಕದ ಹಾಳೆಗೆ ಕ್ಯಾಲ್ಕ್, ಸ್ಲೈಡುಗಳಿಗೆ ಇಂಪ್ರೆಸ್ ಸಾಕು. ಡೇಟಾಬೇಸ್ ಮಾಡುವ ‘ಬೇಸ್’ ಬೇಕಿಲ್ಲ. ನಿಘಂಟುಗಳಲ್ಲಿ ಇಂಗ್ಲಿಷ್ ಒಂದನ್ನು ಇಟ್ಟು ಉಳಿದವನ್ನು ತೆಗೆಯಿರಿ. ಮೆನು ಕನ್ನಡದಲ್ಲಿ ಬೇಕೆಂದರೆ ಯೂಸರ್ ಇಂಟರ್‌ಫೇಸ್ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನೂ ಗುರುತು ಮಾಡಿ.

ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ರದು 2020ರ ಜನವರಿ 14ಕ್ಕೆ ಮುಗಿದಿದೆ. ಇಂಥ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸದೆ ಬರೀ ಟೈಪಿಂಗ್‌ಗೆ, ಮುದ್ರಣಕ್ಕೆ ಇಟ್ಟುಕೊಳ್ಳಿ. ಬ್ಯಾಂಕಿನ ಕೆಲಸ, ಇಮೇಲ್ ಅದರಲ್ಲಿ ಮಾಡಬೇಡಿ. ಕ್ರೋಮ್ ಕೂಡ ವಿಂಡೋಸ್ 7ರಲ್ಲಿ 109ನೇ ಆವೃತ್ತಿಗೇ ನಿಂತುಹೋಗಿದೆ. ಗೂಗಲ್ ಡಾಕ್ಸ್ ಇದೆಯಲ್ಲ ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2 ಜಿಬಿ ಯಂತ್ರದಲ್ಲಿ ಬ್ರೌಸರ್ ತೆರೆದು ಅದರೊಳಗೆ ಕಡತ ತಿದ್ದುವುದು ಲಿಬ್ರೆಆಫೀಸಿಗಿಂತ ಹಗುರವೇನಲ್ಲ, ಬಹುತೇಕ ಭಾರವೇ.

ದುಡ್ಡಿಲ್ಲದೆ ಸಿಗುವ ಇನ್ನೂ ಕೆಲವಿವೆ. ಸಾಫ್ಟ್‌ಮೇಕರ್‌ನ ಫ್ರೀಆಫೀಸ್ ಹಗುರ, ಡಾಕ್‌ಎಕ್ಸ್ ಚೆನ್ನಾಗಿ ತೆರೆಯುತ್ತದೆ. ಮೂಲ ಸಂಕೇತ ತೆರೆದಿಟ್ಟದ್ದಲ್ಲ. ಡಬ್ಲ್ಯುಪಿಎಸ್ ಉಚಿತ ಪ್ರತಿಯಲ್ಲಿ ಜಾಹೀರಾತು ಬರುತ್ತದೆ. ಓನ್ಲಿಆಫೀಸ್ ನೋಡಲು ವರ್ಡ್‌ನಂತೆಯೇ ಇದೆ, ಆದರೆ ಒಳಗೆ ಬ್ರೌಸರಿನ ಯಂತ್ರಾಂಗ ಇರುವುದರಿಂದ 2 ಜಿಬಿಗೆ ಭಾರ. ಇವುಗಳಲ್ಲಿ ಯಾವುದನ್ನೇ ಆರಿಸುವ ಮುನ್ನ ‘ಶಾಸ್ತ್ರ’, ‘ಸ್ವಾತಂತ್ರ್ಯ’, ‘ಅರ್ಹತೆ’, ‘ಲಕ್ಷ್ಮೀ’ ಎಂಬ ನಾಲ್ಕು ಪದ ಕುಟ್ಟಿ, ಪಿಡಿಎಫ್ ಮಾಡಿ, ಮುದ್ರಿಸಿ ನೋಡಿ. ಒತ್ತಕ್ಷರ ಒಡೆದರೆ, ಅರ್ಕಾವತ್ತು ಜಾಗ ತಪ್ಪಿದರೆ ಅದು ನಮಗೆ ಒದಗುವುದಿಲ್ಲ.

ಲಿನಕ್ಸ್ ಕಡೆ

ವಿಂಡೋಸ್ ಬದಲು ಹಾಕಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ ಲಿನಕ್ಸ್; ಮಿಂಟ್, ಡೆಬಿಯನ್, ಆಂಟಿಎಕ್ಸ್ ಅದರ ಬೇರೆ ಬೇರೆ ರೂಪಗಳು. ಯಂತ್ರ 64 ಬಿಟ್ಟಿನದಾಗಿದ್ದು 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ನೆಮ್ಮದಿಯದು. 2 ಜಿಬಿಯಲ್ಲೂ ನಡೆಯುತ್ತದೆ, ಆದರೆ ಬ್ರೌಸರ್ ಮತ್ತು ರೈಟರ್ ಎರಡನ್ನೂ ಒಟ್ಟಿಗೆ ತೆರೆದಾಗ ಏದುಸಿರು ಬಿಡುತ್ತದೆ. ಅಂಥಲ್ಲಿ ರ‍್ಯಾಮಿನಲ್ಲಿರುವುದನ್ನು ಒತ್ತಿ ಕಿರಿದಾಗಿಸುವ ‘ಝಡ್‌ರ‍್ಯಾಮ್’ ಚಾಲೂ ಮಾಡಿಕೊಳ್ಳಿ. ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತದೆ. ಮಿಂಟ್ 22ರ ಜೊತೆ ಬರುವುದು ಲಿಬ್ರೆಆಫೀಸ್ 24.2. ಪಟ್ಟಿಯಲ್ಲಿ ಹುಡುಕಿ ಉತ್ತರ ತರುವ ಎಕ್ಸ್‌ಲುಕಪ್ ಸೂತ್ರ ಲಿಬ್ರೆಆಫೀಸಿಗೆ ಬಂದದ್ದು 24.8ರಲ್ಲಿ. ಹೊಸ ಎಕ್ಸೆಲ್‌ನಲ್ಲಿ ಮಾಡಿದ ಹಾಳೆ ತೆರೆದಾಗ ಉತ್ತರದ ಜಾಗದಲ್ಲಿ ದೋಷ ಕಂಡರೆ ಕಾರಣ ಇದೇ ಇರಬಹುದು. ಹೊಸ ಆವೃತ್ತಿ ಹಾಕಿ, ಇಲ್ಲವೇ ಕಳಿಸಿದವರಿಗೆ ವಿಲುಕಪ್ ಬಳಸಲು ಹೇಳಿ.

32 ಬಿಟ್ ಯಂತ್ರಕ್ಕೆ ದಾರಿ ಕಿರಿದಾಗುತ್ತಿದೆ. ಡಾಕ್ಯುಮೆಂಟ್ ಫೌಂಡೇಶನ್ ತಾನೇ 32 ಬಿಟ್ ಲಿನಕ್ಸ್ ಪ್ರತಿ ಕಟ್ಟುವುದನ್ನು 6.3ರಿಂದ ನಿಲ್ಲಿಸಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಡೆಬಿಯನ್ 12 ಮತ್ತು ಅದರ ಮೇಲೆ ಕಟ್ಟಿದ ಆಂಟಿಎಕ್ಸ್ 23 ಇನ್ನೂ ನಡೆಯುತ್ತವೆ. ರ‍್ಯಾಮ್ 1 ಜಿಬಿಗಿಂತ ಕಡಿಮೆ ಇದ್ದರೆ ಆಂಟಿಎಕ್ಸ್ ಹಾಕಿ, ಲಿಬ್ರೆಆಫೀಸ್ ಬದಲು ಬರವಣಿಗೆಗೆ ಅಬಿವರ್ಡ್, ಲೆಕ್ಕದ ಹಾಳೆಗೆ ನ್ಯೂಮೆರಿಕ್ ಬಳಸಿ. ನ್ಯೂಮೆರಿಕ್ ಗಾತ್ರದಲ್ಲಿ ಚಿಕ್ಕದು, ಲೆಕ್ಕದಲ್ಲಿ ಕರಾರುವಾಕ್ಕು, ಎಕ್ಸೆಲ್ ಫೈಲೂ ತೆರೆಯುತ್ತದೆ, ಮ್ಯಾಕ್ರೋ (ಹಾಳೆಯೊಳಗೆ ಬರೆದಿಟ್ಟ ಸ್ವಯಂಚಾಲಿತ ಆದೇಶಗಳು) ನಡೆಯುವುದಿಲ್ಲ. ಅಬಿವರ್ಡ್ ಪತ್ರಕ್ಕೆ, ವರದಿಗೆ ಸರಿ. ಕೋಷ್ಟಕ ತುಂಬಿದ ಡಾಕ್‌ಎಕ್ಸ್ ನಮೂನೆ ಅದಕ್ಕೆ ಕೊಡಬೇಡಿ, ಚೌಕಟ್ಟುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಇವೆರಡಕ್ಕೂ ವಿಂಡೋಸ್ ಪ್ರತಿ ಬರುವುದು ನಿಂತು ವರ್ಷಗಳಾದವು. ಹಾಗಾಗಿ ಇವು ಲಿನಕ್ಸ್‌ನವರಿಗೆ ಮಾತ್ರ.

ಹಾಕುವ ಮೊದಲು 8 ಜಿಬಿ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಚಾಲೂ (ಬೂಟ್) ಮಾಡಿ ಒಂದು ದಿನ ಬಳಸಿ ನೋಡಿ. ಹಾರ್ಡ್‌ಡಿಸ್ಕಿಗೆ ಏನೂ ಆಗುವುದಿಲ್ಲ. ಪೆನ್‌ಡ್ರೈವ್ ಸಿದ್ಧಪಡಿಸುವಾಗ ರೂಫಸ್ ಎಂಬ ಸಾಫ್ಟ್‌ವೇರಿನಲ್ಲಿ, 2012ಕ್ಕಿಂತ ಹಿಂದಿನ ಯಂತ್ರಕ್ಕಾದರೆ ಪಾರ್ಟಿಶನ್ ಬಗೆ ‘ಎಂಬಿಆರ್’ ಇರಲಿ. ‘ಜಿಪಿಟಿ’ ಆರಿಸಿದ್ದರೆ ಹಳೆಯ ಬಯಾಸ್ (ಯಂತ್ರವನ್ನು ಮೊದಲು ಎಬ್ಬಿಸುವ ಒಳ ತಂತ್ರಾಂಶ) ಅದನ್ನು ಗುರುತಿಸದೆ ನೇರ ವಿಂಡೋಸ್‌ಗೇ ಹೋಗುತ್ತದೆ. ಟ್ಯಾಲಿ ಇರುವ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಚುಚ್ಚುವ ಯಂತ್ರ, ಮ್ಯಾಕ್ರೋ ಇರುವ ಎಕ್ಸೆಲ್ ನಮೂನೆ ತುಂಬಬೇಕಾದ ಯಂತ್ರ, ಈ ಮೂರರಲ್ಲಿ ವಿಂಡೋಸ್ ಅಳಿಸಬೇಡಿ. ಪಕ್ಕದಲ್ಲೇ ಲಿನಕ್ಸ್ ಇಟ್ಟುಕೊಳ್ಳಬಹುದು.

ಕನ್ನಡದ ಫೈಲು

ಈಗ ಮುಖ್ಯ ವಿಷಯ. ಹಳೆಯ ನುಡಿ, ಶ್ರೀಲಿಪಿ ಮುಂತಾದವುಗಳಲ್ಲಿ ಕುಟ್ಟಿದ ಫೈಲಿನಲ್ಲಿ ನಿಜಕ್ಕೂ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತದೆ, ಅದಕ್ಕೆ ಕನ್ನಡದ ಆಕಾರ ತೊಡಿಸುವುದು ಫಾಂಟು. ನುಡಿಯ ಹಳೆಯ ಫಾಂಟುಗಳಲ್ಲಿ ದೊಡ್ಡ ‘ಸಿ’ಯ ಜಾಗದಲ್ಲಿ ಅ, ‘ಡಿ’ಯಲ್ಲಿ ಆ, ‘ಇ’ಯಲ್ಲಿ ಇ, ‘ಜಿ’ಯಲ್ಲಿ ಉ ಕೂತಿವೆ. ‘ಕ’ ಎಂಬುದು ದೊಡ್ಡ ‘ಪಿ’ ಮತ್ತು ಅದರ ಪಕ್ಕದ ತಲೆಕಟ್ಟಿನ ಗುರುತು, ಎರಡು ಸೇರಿದ್ದು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಒಳಗಿನ ಸಂಕೇತ ಹಾಗೇ ಹೊರಗೆ ಕಾಣುತ್ತದೆ. ಫೈಲು ಹಾಳಾಗಿರುವುದಿಲ್ಲ. ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟು ತಂದು ಹಾಕಿದರೆ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಲಿಬ್ರೆಆಫೀಸ್ ಅದನ್ನು ಮೊದಲಿನಂತೆಯೇ ತೋರಿಸುತ್ತದೆ. ಹೆಸರು ಕೂಡ ಅದೇ ಇರಬೇಕು. ನುಡಿ ಫಾಂಟಿನ ಹೆಸರಿನ ಕೊನೆಗೆ ‘ಇ’ ಇದ್ದರೆ ಇಂಗ್ಲಿಷ್ ಅಂಕಿ, ‘ಕೆ’ ಇದ್ದರೆ ಕನ್ನಡ ಅಂಕಿ, ಎರಡನ್ನೂ ತನ್ನಿ.

ತೆರೆದದ್ದಾಯಿತು, ತಿದ್ದಲು ಕೂತಾಗ ಹೊಸ ತೊಂದರೆ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಸ್ವಯಂತಿದ್ದುಪಡಿ ಲಿಬ್ರೆಆಫೀಸಿನಲ್ಲಿ ಚಾಲೂ ಇರುತ್ತದೆ. ನುಡಿಯಲ್ಲಿ ‘ರ’ದ ಒಡಲು ಚಿಕ್ಕ ‘ಜಿ’ಯ ಜಾಗದಲ್ಲಿದೆ. ನೀವು ‘ರಾಜ್ಯ’ ಎಂದು ಹೊಸ ವಾಕ್ಯ ಶುರು ಮಾಡಿ ಸ್ಪೇಸ್ ಒತ್ತಿದ ತಕ್ಷಣ ಚಿಕ್ಕ ‘ಜಿ’ ದೊಡ್ಡದಾಗಿ, ‘ರ’ ಇದ್ದಲ್ಲಿ ‘ಉ’ ಬಂದು ಕೂರುತ್ತದೆ. ಕೈತಪ್ಪಿತೆಂದು ತಿದ್ದಿದರೂ ಮತ್ತೆ ಹಾಗೇ ಆಗುತ್ತದೆ. ಟೂಲ್ಸ್ ಮೆನುವಿನಲ್ಲಿ ಆಟೋಕರೆಕ್ಟ್ ಆಪ್ಶನ್ಸ್ ತೆರೆದು, ಆಪ್ಶನ್ಸ್ ಹಾಳೆಯಲ್ಲಿ ‘ಕ್ಯಾಪಿಟಲೈಸ್’ ಸಾಲನ್ನೂ, ‘ಎರಡು ದೊಡ್ಡಕ್ಷರ ಸರಿಪಡಿಸು’ ಎಂಬರ್ಥದ ಸಾಲನ್ನೂ, ‘ಯೂಸ್ ರಿಪ್ಲೇಸ್‌ಮೆಂಟ್ ಟೇಬಲ್’ ಅನ್ನೂ ತೆಗೆಯಿರಿ. ಪಕ್ಕದ ಲೋಕಲೈಸ್ಡ್ ಆಪ್ಶನ್ಸ್ ಹಾಳೆಯಲ್ಲಿ ಉದ್ಧರಣ ಚಿಹ್ನೆ ಬದಲಿಸುವ ಎರಡು ಗುರುತುಗಳನ್ನೂ ತೆಗೆಯಿರಿ. ಎಲ್ಲ ಪದದ ಕೆಳಗೂ ಕೆಂಪು ಗೆರೆ ಬರುತ್ತಿದ್ದರೆ ಟೂಲ್ಸ್, ಲ್ಯಾಂಗ್ವೇಜ್, ಫಾರ್ ಆಲ್ ಟೆಕ್ಸ್ಟ್, ನನ್. ಹಳೆಯ ಯಂತ್ರಕ್ಕೆ ಇದರಿಂದ ಕೆಲಸವೂ ಹಗುರವಾಗುತ್ತದೆ.

ಇದು ತಾತ್ಕಾಲಿಕ ವ್ಯವಸ್ಥೆ. ಹೊಸ ಬರವಣಿಗೆ ಇವತ್ತಿನಿಂದಲೇ ಯುನಿಕೋಡಿನಲ್ಲಿ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಜಾಗತಿಕ ಪದ್ಧತಿಯಲ್ಲಿ ಆಗಲಿ. ನುಡಿಯ ಹಳೆ ಸಂಕೇತದಲ್ಲಿ ಹೆಸರು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು, ಮೊಬೈಲಿಗೆ ಕಳಿಸಿದರೆ ಓದಲಾಗದು. ಯುನಿಕೋಡಿನ ಸದಸ್ಯರ ಪಟ್ಟಿಯನ್ನು ಕ್ಯಾಲ್ಕ್‌ನಲ್ಲಿ ಡೇಟಾ, ಸಾರ್ಟ್ ಎಂದು ಒತ್ತಿ, ಆಪ್ಶನ್ಸ್‌ನಲ್ಲಿ ಭಾಷೆ ಕನ್ನಡ ಎಂದು ಕೊಟ್ಟರೆ ಅ ಆ ಇ ಈ ಕ್ರಮದಲ್ಲೇ ಬರುತ್ತದೆ. ‘ಹಳೆ ಸಿಸ್ಟಂನಲ್ಲಿ ಯುನಿಕೋಡ್ ಸರಿಯಾಗಿ ಕಾಣಲ್ಲ’ ಎಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಅಕ್ಷರ ಜೋಡಿಸುವ ಕೆಲಸವನ್ನು ಆಗ ವಿಂಡೋಸ್ ಮಾಡುತ್ತಿತ್ತು. 2017ರಲ್ಲಿ ಬಂದ ಲಿಬ್ರೆಆಫೀಸ್ 5.3ರಿಂದ ಹಾರ್ಫ್‌ಬಜ್ ಎಂಬ ಸಾಫ್ಟ್‌ವೇರ್ ಎಲ್ಲ ಕಡೆಯೂ ಆ ಕೆಲಸ ಮಾಡುತ್ತದೆ. ಹೀಗಾಗಿ ಎಕ್ಸ್‌ಪಿಯಲ್ಲಿ ಕೂಡ, 5.4 ಹಾಕಿ ಒಳ್ಳೆಯ ಫಾಂಟ್ ಕೊಟ್ಟರೆ ಒತ್ತಕ್ಷರ ತನ್ನ ಜಾಗದಲ್ಲೇ ಬೀಳುತ್ತದೆ. ನೋಟೋ ಸೆರಿಫ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಇವೆಲ್ಲ ಉಚಿತ. ಕೊನೆಯ ಮೂರನ್ನು ಡೆಬಿಯನ್, ಮಿಂಟ್‌ಗಳಲ್ಲಿ ಒಂದೇ ಕನ್ನಡ ಫಾಂಟ್ ಪ್ಯಾಕೇಜಿನಲ್ಲಿ ಇಳಿಸಿಕೊಳ್ಳಬಹುದು.

ಫಾಂಟ್ ಹಾಕಿದ ಮೇಲೆ ಒಂದು ಹೊಂದಿಕೆ ಕಡ್ಡಾಯ. ಲಿಬ್ರೆಆಫೀಸ್ ಪ್ರತಿ ಪ್ಯಾರಾಗೂ ಇಂಗ್ಲಿಷಿಗೊಂದು, ಕನ್ನಡದಂಥ ಲಿಪಿಗಳಿಗೊಂದು ಹೀಗೆ ಬೇರೆ ಬೇರೆ ಫಾಂಟು ಮತ್ತು ಬೇರೆ ಬೇರೆ ಅಳತೆ ಇಟ್ಟುಕೊಳ್ಳುತ್ತದೆ. ಟೂಲ್ಸ್, ಆಪ್ಶನ್ಸ್, ಭಾಷೆಯ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಗುರುತು ಮಾಡಿ ಕನ್ನಡ ಆರಿಸಿ. ಆಮೇಲೆ ಅದೇ ಆಪ್ಶನ್ಸ್‌ನ ರೈಟರ್ ವಿಭಾಗದಲ್ಲಿ ‘ಬೇಸಿಕ್ ಫಾಂಟ್ಸ್, ಸಿಟಿಎಲ್’ ಎಂಬುದು ಕಾಣಿಸಿಕೊಳ್ಳುತ್ತದೆ. ಅಲ್ಲಿನ ಐದೂ ಪೆಟ್ಟಿಗೆಯಲ್ಲಿ ಕನ್ನಡ ಫಾಂಟನ್ನೂ ಅಳತೆಯನ್ನೂ ಕೊಡಿ. ಇದನ್ನು ಬಿಟ್ಟವರ ಕಡತದಲ್ಲೇ ಸಾಲುಗಳ ನಡುವಿನ ಅಂತರ ಒಂದೊಂದು ಕಡೆ ಒಂದೊಂದು ಥರ ಆಗುವುದು, ಇಂಗ್ಲಿಷ್ 12ರಲ್ಲಿದ್ದು ಕನ್ನಡ 10ರಲ್ಲಿ ಉಳಿಯುವುದು.

ಕೀಲಿಮಣೆಯ ಅಭ್ಯಾಸ ಬದಲಿಸಬೇಕಿಲ್ಲ. ವಿಂಡೋಸ್‌ನಲ್ಲಿ ನುಡಿ, ಬರಹ ಎರಡರಲ್ಲೂ ಯುನಿಕೋಡ್ ಆಯ್ಕೆ ಇದೆ. ಲಿನಕ್ಸ್‌ನಲ್ಲಿ ಬೇರೆ ಭಾಷೆಗಳ ಟೈಪಿಂಗ್‌ಗೆ ನೆರವಾಗುವ ಐಬಸ್ ಜೊತೆ ಎಂ17ಎನ್ ಹಾಕಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ವಿನ್ಯಾಸ ಸಿಗುತ್ತದೆ; ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ಅದೇ ನುಡಿ ಕ್ರಮ, ಒತ್ತು ಕೊಡಲು ಅದೇ ‘ಎಫ್’ ಕೀಲಿ.

ಹಳೆಯದನ್ನೆಲ್ಲ ಯುನಿಕೋಡಿಗೆ ತಿರುಗಿಸಲು ಹೊರಡಬೇಡಿ. ಮತ್ತೆ ತಿದ್ದಬೇಕಾದವನ್ನು ಮಾತ್ರ ತಿರುಗಿಸಿ. ಬರೀ ನೋಡಲು ಬೇಕಾದವಕ್ಕೆ, ಮೂಲ ಫಾಂಟು ಇರುವ ಹಳೆಯ ಯಂತ್ರದಲ್ಲೇ ಪಿಡಿಎಫ್ ಮಾಡಿಡುವುದು ಸಾಕು. ಪರಿವರ್ತಕ ನುಡಿಯಲ್ಲೂ ಬರಹದಲ್ಲೂ ಇದೆ. ಅದು ಎಡವುವುದು ಎರಡು ಕಡೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡದ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಆದ್ದರಿಂದ ತಿರುಗಿಸುವ ಮುನ್ನ ಇಂಗ್ಲಿಷ್ ಪದಗಳಿಗೆ ಬಣ್ಣ ಬಳಿದು ಒಂದು ಪಿಡಿಎಫ್ ಇಟ್ಟುಕೊಳ್ಳಿ, ತಿರುಗಿಸಿದ ಮೇಲೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಆ ಪದಗಳನ್ನು ಮತ್ತೆ ಕುಟ್ಟಿ. ಎರಡನೆಯದು ಲೆಕ್ಕದ ಹಾಳೆ. ಹೆಸರು, ಊರು ಇರುವ ಕಾಲಂಗಳನ್ನಷ್ಟೇ ತಿರುಗಿಸಿ. ಖಾತೆ ಸಂಖ್ಯೆ, ಮೊತ್ತದ ಕಾಲಂ ಮುಟ್ಟಬೇಡಿ. ತಿರುಗಿಸುವ ಮುಂಚೆ ಎಷ್ಟು ಸಾಲಿತ್ತು, ಆಮೇಲೆ ಎಷ್ಟಿದೆ ಎಂದು ಎಣಿಸಿ. ಒಂದು ಸಾಲು ಜಾರಿದರೆ ಒಬ್ಬರ ಹಣ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.

ಹ್ಯಾಂಗ್ ಆಗುವುದಕ್ಕೆ ಕಾರಣ

ಆಪ್ಶನ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಜಾವಾ ಬಳಕೆಯ ಗುರುತು ತೆಗೆಯಿರಿ. ರೈಟರ್, ಕ್ಯಾಲ್ಕ್‌ನ ದಿನದ ಕೆಲಸಕ್ಕೆ ಅದು ಬೇಡ. ವಿಂಡೋಸ್‌ನಲ್ಲಿ ಪರದೆ ಕಪ್ಪಾಗುತ್ತಿದ್ದರೆ, ಅಕ್ಷರ ಮಿನುಗುತ್ತಿದ್ದರೆ ವ್ಯೂ ವಿಭಾಗದಲ್ಲಿ ‘ಸ್ಕಿಯಾ’ ಗುರುತು ತೆಗೆಯಿರಿ. 7.0ರಿಂದ ಬಂದ ಈ ಚಿತ್ರಣ ವ್ಯವಸ್ಥೆ ಹಳೆಯ ಗ್ರಾಫಿಕ್ಸ್ ಜೊತೆ ಹೊಂದುವುದಿಲ್ಲ. ಏಳುವುದೇ ಇಲ್ಲವೆಂದರೆ ಸೇಫ್ ಮೋಡ್‌ನಲ್ಲಿ ತೆರೆದು ಅಲ್ಲಿಂದ ಸರಿಪಡಿಸಿ. ಕರೆಂಟ್ ಹೋಗಿಬರುವ ಊರಿನಲ್ಲಿ ಆಟೋರಿಕವರಿ ನಿಲ್ಲಿಸಬೇಡಿ, 5 ನಿಮಿಷಕ್ಕೆ ಇಡಿ.

ಆದರೆ ಎಲ್ಲ ಹೊಂದಿಕೆಗಿಂತ ಹೆಚ್ಚು ತೂಗುವುದು ಫೋಟೊ. ಶಾಲೆಯ ಕಾರ್ಯಕ್ರಮದ ವರದಿಗೆ ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರ ನೇರವಾಗಿ ಅಂಟಿಸುತ್ತಾರೆ. ಡಿಸ್ಕಿನ ಮೇಲೆ ಅದು 4 ಎಂಬಿ ಇರಬಹುದು. ತೆರೆದಾಗ 4000 ಅಡ್ಡ, 3000 ಉದ್ದ, ಚುಕ್ಕಿಗೆ 4 ಬೈಟು, ಒಟ್ಟು 48 ಎಂಬಿ ರ‍್ಯಾಮ್ ತಿನ್ನುತ್ತದೆ. ಹತ್ತು ಚಿತ್ರಕ್ಕೆ 480 ಎಂಬಿ. 2 ಜಿಬಿ ಯಂತ್ರ ನಿಲ್ಲುವುದು ಇಲ್ಲೇ. ಎ4 ಹಾಳೆಯಲ್ಲಿ ಆರು ಇಂಚು ಅಗಲದ ಚಿತ್ರಕ್ಕೆ ಇಂಚಿಗೆ 150 ಚುಕ್ಕಿಯಂತೆ 900 ಸಾಕು. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಕಂಪ್ರೆಸ್ ಒತ್ತಿ, 150 ಕೊಡಿ. ಕ್ಯಾಲ್ಕ್‌ನಲ್ಲಿ ಇದಕ್ಕೆ ಸಮನಾದ ತಪ್ಪೆಂದರೆ ಇಡೀ ಹಾಳೆಗೆ ಗೆರೆ ಹಾಕುವುದು. 10,48,576 ಸಾಲಿಗೂ ಚೌಕಟ್ಟು ಹಾಕಿಸಿದರೆ ಇನ್ನೂರು ಸದಸ್ಯರ ಪಟ್ಟಿಯೂ ತೆವಳುತ್ತದೆ. ಬೇಕಾದ ಭಾಗಕ್ಕಷ್ಟೇ ಗೆರೆ ಹಾಕಿ.

ಪುಟ ಹರಿಯುವುದಕ್ಕೆ ಮುಖ್ಯ ಕಾರಣ ಫಾಂಟಿನ ಅಗಲ. ಕ್ಯಾಲಿಬ್ರಿ ಇಲ್ಲದ ಕಡೆ ಲಿಬ್ರೆಆಫೀಸ್ ಅಷ್ಟೇ ಅಗಲದ ಕಾರ್ಲಿಟೋ ಬಳಸುತ್ತದೆ, ಕೇಂಬ್ರಿಯಾಗೆ ಕಲಾಡಿಯಾ, ಟೈಮ್ಸ್‌ಗೆ ಲಿಬರೇಶನ್ ಸೆರಿಫ್. ಸಾಲು ಒಡೆಯುವ ಜಾಗ ಬದಲಾಗದು. ಲಿನಕ್ಸ್‌ನಲ್ಲಿ ಈ ಫಾಂಟುಗಳಿವೆಯೇ ನೋಡಿಕೊಳ್ಳಿ. ನಿಮ್ಮ ಮೂಲ ಪ್ರತಿಯನ್ನು ಒಡಿಟಿ, ಒಡಿಎಸ್ (ರೈಟರ್, ಕ್ಯಾಲ್ಕ್‌ಗಳ ಸ್ವಂತ ಬಗೆ) ಆಗಿ ಇಡಿ. ತಿದ್ದುವವರಿಗೆ ಡಾಕ್‌ಎಕ್ಸ್, ಓದುವವರಿಗೆ ಪಿಡಿಎಫ್ ಕಳಿಸಿ. ಡಾಕ್‌ಎಕ್ಸ್‌ನಲ್ಲೇ ಹತ್ತು ಸಲ ಉಳಿಸಿ ತೆರೆದು ಮಾಡಿದರೆ ಕೋಷ್ಟಕ, ಪಟ್ಟಿ ಸಂಖ್ಯೆಗಳು ಮೆಲ್ಲಗೆ ಸಡಿಲವಾಗುತ್ತವೆ.

ಕೊನೆಯಲ್ಲಿ ಪ್ರಿಂಟರ್ ಬಗ್ಗೆ ಕೇಳಿದಿರಿ. ಎಚ್‌ಪಿ ಲೇಸರ್‌ಜೆಟ್ 1020 ನಮ್ಮಲ್ಲಿ ಮನೆಮನೆಗೂ ಇದೆ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರಿನಿಂದ ಅದಕ್ಕೆ ಫರ್ಮ್‌ವೇರ್ (ಪ್ರಿಂಟರನ್ನು ನಡೆಸುವ ಒಳ ತಂತ್ರಾಂಶ) ಹೋಗಬೇಕು. ಲಿನಕ್ಸ್‌ನಲ್ಲಿ ಎಚ್‌ಪಿಲಿಪ್ ಎಂಬ ಡ್ರೈವರ್ ಜೊತೆಗೆ ಅದರ ಪ್ಲಗಿನ್ ಕೂಡ ಹಾಕಿ; ಪ್ಲಗಿನ್ ಇಲ್ಲದಿದ್ದರೆ ಕಡತ ಸರತಿಯಲ್ಲಿ ನಿಲ್ಲುತ್ತದೆ, ಹಾಳೆ ಬರುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900 ಇರುವವರಿಗೆ ಲಿನಕ್ಸ್‌ನಲ್ಲಿ ತಲೆನೋವು ಹೆಚ್ಚು, ಅದರ ಡ್ರೈವರ್ ಹಳೆಯದು, ಹಟಮಾರಿ. ಅಂಥವರು ಪ್ರಿಂಟರ್ ಜೋಡಿಸಿದ ಒಂದು ಯಂತ್ರದಲ್ಲಿ ವಿಂಡೋಸ್ 7 ಹಾಗೇ ಇರಿಸಿ, ನೆಟ್ ತೆಗೆದು, ಉಳಿದ ಯಂತ್ರಗಳಲ್ಲಿ ಮಾಡಿದ ಪಿಡಿಎಫ್‌ಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಲ್ಲಿಂದ ಮುದ್ರಿಸಿಕೊಳ್ಳಿ.